ಮದರಾಸಿನ ನಗೆಯರಸಿಯರು

1936. ತಮಿಳು ಚಿತ್ರ ತೆಗೆಯಬೇಕಾದರೂ ಎಷ್ಟೋ ಸಲ ಪುಣೆಗೋ ಕಲ್ಕತ್ತೆಗೋ ರೈಲು ಹತ್ತಬೇಕಾಗಿದ್ದ ಕಾಲ. 'ವಸಂತಸೇನಾ' ಚಿತ್ರಕ್ಕೆಂದು ಪುಣೆಗೆ ಹೊರಟ ತಂಡದಲ್ಲಿ ಶ್ರೀರಂಗದ ಟಿ. ಎ. ಮಧುರಂ ಇದ್ದರು, ನಾಗರಕೋವಿಲಿನ ಎನ್. ಎಸ್. ಕೃಷ್ಣನ್ ಇದ್ದರು. ಅಲ್ಲಿ ಬೆಳೆದ ಪರಿಚಯ ಮದುವೆಗೆ ಮುಟ್ಟಿತು. ಮುಂದೆ ತಮಿಳುನಾಡು ಈ ದಂಪತಿಯನ್ನು ನೆನೆದೇ ನಗುವಂತಾಯಿತು.

ಮೂಲ ಕಥೆಗೆ ಅಷ್ಟಾಗಿ ನಂಟಿಲ್ಲದ ಹಾಸ್ಯಪ್ರಸಂಗವನ್ನು ತಾವೇ ಹೆಣೆದು ಚಿತ್ರಕ್ಕೆ ಸೇರಿಸುವುದು ಈ ಜೋಡಿಯ ಪದ್ಧತಿ. ಗಂಡ ಒಂದು ವಾದ ಹೂಡುತ್ತಾನೆ, ಹೆಂಡತಿ ಅದನ್ನು ಮುರಿಯುತ್ತಾಳೆ. ಆ ಜಗಳದ ನಡುವೆ ಸಿಕ್ಕಿ ಮೂಢನಂಬಿಕೆಯೂ ಕುಡಿತವೂ ಬಯಲಾಗುತ್ತವೆ. ಕೃಷ್ಣನ್ ಅವರಿಗೆ 'ಕಲೈವಾಣರ್' ಎಂಬ ಬಿರುದು ಬಂತು. ಮಧುರಂ ಎದುರು ನಿಂತು ಸರಿಸಮನಾಗಿ ಮಾತು ಕೊಡದಿದ್ದರೆ ಆ ಹಾಸ್ಯ ನಿಲ್ಲುತ್ತಿರಲಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಆಕೆಯ ನಿಜವಾದ ಗಟ್ಟಿತನ ಕಂಡದ್ದು 1944ರ ಕೊನೆಯಲ್ಲಿ. ಪತ್ರಕರ್ತ ಲಕ್ಷ್ಮೀಕಾಂತನ್ ಕೊಲೆ ಪ್ರಕರಣದಲ್ಲಿ ಕೃಷ್ಣನ್ ಬಂಧಿತರಾದರು. ಮರುವರ್ಷ ಜೀವಾವಧಿ ಶಿಕ್ಷೆಯಾಯಿತು. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಇತ್ತ ಮಧುರಂ ನಾಟಕ ತಂಡ ಬಿದ್ದುಹೋಗದಂತೆ ನೋಡಿಕೊಂಡರು, 'ಪೈತ್ಯಕ್ಕಾರನ್' ಚಿತ್ರದ ಕೆಲಸಕ್ಕೂ ಹೆಗಲು ಕೊಟ್ಟರು. 1947ರಲ್ಲಿ ಕೃಷ್ಣನ್ ಖುಲಾಸೆಯಾಗಿ ಬಂದಾಗ ಅದೇ ಚಿತ್ರದಲ್ಲಿ ಅವರಿಗೂ ಜಾಗವಾಯಿತು. ಗಂಡ ಸೆರೆಮನೆಯಲ್ಲಿರುವಾಗ ಜನರನ್ನು ನಗಿಸುವ ಕಸುಬನ್ನೇ ನೆಚ್ಚಿ ಬದುಕಿದ ಆ ದಿನಗಳು ಎಷ್ಟು ಭಾರವಾಗಿದ್ದಿರಬೇಕು!

1957ರಲ್ಲಿ ಕೃಷ್ಣನ್ ತೀರಿಕೊಂಡರು. ಅದರ ಮರುವರ್ಷವೇ, ಕವಿ ಕಣ್ಣದಾಸನ್ ನಿರ್ಮಿಸಿದ 'ಮಾಲೈಯಿಟ್ಟ ಮಂಗೈ' ಚಿತ್ರದಲ್ಲಿ ಇಪ್ಪತ್ತೊಂದರ ಹರೆಯದ ಹುಡುಗಿಯೊಬ್ಬಳು ಹಾಸ್ಯಪಾತ್ರಕ್ಕೆ ಬಂದಳು. ಮನ್ನಾರ್‌ಗುಡಿಯಲ್ಲಿ ಹುಟ್ಟಿದವಳು, ತಂದೆ ಕೈಬಿಟ್ಟ ಮೇಲೆ ತಾಯಿಯೊಡನೆ ಚೆಟ್ಟಿನಾಡಿನ ಪಳ್ಳತ್ತೂರಿಗೆ ಬಂದು ಬೆಳೆದವಳು. ಗೋಪಿಶಾಂತ ಆಕೆಯ ಹೆಸರು. ರಂಗದ ಮೇಲೆ ಮನೋರಮಾ. ನಾಟಕಗಳಲ್ಲಿ ನಾಯಕಿಯಾಗಿದ್ದವಳಿಗೆ ಸಿನಿಮಾದಲ್ಲಿ ಹಾಸ್ಯ ಸಿಕ್ಕಿತು.

ಅದನ್ನು ಆಕೆ ಎಲ್ಲಿಗೆ ಒಯ್ದರೆಂಬುದಕ್ಕೆ 1968ರ 'ತಿಲ್ಲಾನಾ ಮೋಹನಾಂಬಾಳ್' ನೋಡಬೇಕು. ಶಿವಾಜಿ ಗಣೇಶನ್ ನಾಗಸ್ವರ ವಿದ್ವಾಂಸ, ಪದ್ಮಿನಿ ನರ್ತಕಿ. ಅಂಥ ಇಬ್ಬರು ಘಟಾನುಘಟಿಗಳ ನಡುವೆ ಮನೋರಮಾ ನಾಟಕದ ನಟಿ 'ಜಿಲ್ ಜಿಲ್' ರಮಾಮಣಿ. ಆ ನಾದ ನಿಮ್ಮ ವಾದ್ಯದಲ್ಲಿ ಮಾತ್ರ ಬರುತ್ತದೆಯೋ, ಎಲ್ಲರ ವಾದ್ಯದಲ್ಲೂ ಬರುತ್ತದೆಯೋ ಎಂದು ಆಕೆ ವಿದ್ವಾಂಸನನ್ನೇ ಕೇಳುತ್ತಾಳೆ. ಕೇಳುವಾಗ ಮುಖದಲ್ಲಿ ತಮಾಷೆಯ ಸುಳಿವಿಲ್ಲ. ಇರುವುದು ಬೆರಗು, ಒಳಗೊಳಗೇ ಒಲವು. ನಾವು ನಗುತ್ತೇವೆ, ನಗುತ್ತಲೇ ಆಕೆಯ ಬಗ್ಗೆ ಕರುಳು ಚುರ್ ಎನ್ನುತ್ತದೆ. ಅದೇ ವರ್ಷದ 'ಬೊಮ್ಮಲಾಟ್ಟಂ' ಚಿತ್ರದಲ್ಲಿ ಮದರಾಸಿನ ಬೀದಿಮಾತಿನ ಹಾಡೊಂದನ್ನು ಮನೋರಮಾ ತಾವೇ ಹಾಡಿದರು. ಚೆಟ್ಟಿನಾಡಿನ ಮಾತು, ಬ್ರಾಹ್ಮಣರ ಮನೆಮಾತು, ಕೇರಿಯ ಮಾತು, ಯಾವುದನ್ನು ಕೊಟ್ಟರೂ ಅದು ಅವರ ನಾಲಿಗೆಯ ಮೇಲೆ ಹುಟ್ಟಿದ್ದೇ ಅನ್ನಿಸುತ್ತಿತ್ತು. ಹಾಸ್ಯನಟ ನಾಗೇಶ್ ಜೊತೆಗೆ ಎಷ್ಟೋ ಚಿತ್ರಗಳಲ್ಲಿ ನಟಿಸಿದರೂ ಅವರಿಗೆ ಜೋಡಿಯ ಹಂಗಿರಲಿಲ್ಲ. ಒಬ್ಬರೇ ನಿಂತೂ ದೃಶ್ಯ ಗೆಲ್ಲುತ್ತಿದ್ದರು.

ಸಾವಿರಕ್ಕೂ ಮಿಕ್ಕಿ ಚಿತ್ರಗಳೆಂದು ಗಿನ್ನೆಸ್ ದಾಖಲೆ. ಅಣ್ಣಾದೊರೈ, ಕರುಣಾನಿಧಿ, ಎಂ.ಜಿ.ಆರ್., ಜಯಲಲಿತಾ, ಎನ್.ಟಿ.ಆರ್., ಹೀಗೆ ಮುಂದೆ ಮುಖ್ಯಮಂತ್ರಿಗಳಾದ ಐವರೊಡನೆ ರಂಗದಲ್ಲೋ ತೆರೆಯಲ್ಲೋ ನಟಿಸಿದ ಹೆಮ್ಮೆ. 2002ರಲ್ಲಿ ಪದ್ಮಶ್ರೀ. ತಮಿಳರು 'ಆಚ್ಚಿ' ಎಂದು ಕರೆಯುತ್ತಿದ್ದ ಆ ತಾಯಿ 2015ರ ಅಕ್ಟೋಬರ್ 10ರಂದು ಚೆನ್ನೈಯಲ್ಲಿ ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಕೋವೈ ಸರಳಾ ಬಂದಿದ್ದರು. ಅವರ ಹಾಸ್ಯದ ತುಣುಕುಗಳು ಟಿವಿಯಲ್ಲಿ ಇಂದಿಗೂ ಮರುಕಳಿಸುತ್ತಲೇ ಇವೆ. 1995ರ 'ಸತಿ ಲೀಲಾವತಿ'ಯಲ್ಲಿ ನಿರ್ದೇಶಕ ಬಾಲು ಮಹೇಂದ್ರ ಸರಳಾರನ್ನು ಕಮಲ್ ಹಾಸನ್‌ಗೆ ಹೆಂಡತಿಯಾಗಿ ನಿಲ್ಲಿಸಿದರು. ಇಬ್ಬರ ಬಾಯಲ್ಲೂ ಕೊಂಗು ನಾಡಿನ ತಮಿಳು. ಹತ್ತು ವರ್ಷದ ನಂತರ ರಮೇಶ್ ಅರವಿಂದ್ ಅದೇ ಕಥೆಯನ್ನು ಕನ್ನಡದಲ್ಲಿ 'ರಾಮ ಶಾಮ ಭಾಮ' ಮಾಡಿದಾಗ ಕಮಲ್ ಹುಬ್ಬಳ್ಳಿ ಕಡೆಯ ಮಾತಾಡಿದರು. ಹಾಸ್ಯನಟಿಯೊಬ್ಬರು ಕಟ್ಟಿ ನಿಲ್ಲಿಸಿದ್ದ ಆ ಹೆಂಡತಿಯ ಪಾತ್ರವನ್ನು ಇಲ್ಲಿ ಮಾಡಿದ್ದು, ದಕ್ಷಿಣದ ಭಾಷೆಗಳಲ್ಲೆಲ್ಲ ನಾಯಕಿಯಾಗಿ ಮೆರೆದಿದ್ದ ಊರ್ವಶಿ.