ಕಡಿಮೆ ಆದಾಯದ ವೇತನದಾರರಿಗೆ ಆದಾಯ ತೆರಿಗೆ ರಿಯಾಯಿತಿ ಹಾಗೂ ಕಡಿತವಾದ ತೆರಿಗೆಯ ಮರುಪಾವತಿ

ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳ ಕಾರ್ಖಾನೆ, ಅಂಗಡಿ ಮತ್ತು ಶಾಲೆಗಳಲ್ಲಿ ದುಡಿಯುವ ವೇತನದಾರರ ಮಾಹಿತಿಗಾಗಿ 2025-26ನೇ ಹಣಕಾಸು ವರ್ಷಕ್ಕೆ ಅನ್ವಯಿಸುವ ನಿಯಮಗಳನ್ನು ಇಲ್ಲಿ ನೀಡಲಾಗಿದೆ.

ರಿಯಾಯಿತಿ ಎಂದರೇನು?
ಆದಾಯ ತೆರಿಗೆ ಅಧಿನಿಯಮ, 1961ರ ಕಲಂ 87ಎ ಅಡಿಯಲ್ಲಿ ನಿವಾಸಿ ವ್ಯಕ್ತಿಗಳಿಗೆ ದೊರೆಯುವ ತೆರಿಗೆ ವಿನಾಯಿತಿಯೇ ರಿಯಾಯಿತಿ (ರಿಬೇಟ್). ಇದು 2013ರಲ್ಲಿ ಜಾರಿಗೆ ಬಂದಾಗ ಗರಿಷ್ಠ ಮೊತ್ತ 2,000 ರೂ. ಇತ್ತು. 2025-26ನೇ ಸಾಲಿಗೆ:
1. ಹೊಸ ಪದ್ಧತಿ: ತೆರಿಗೆಗೊಳಪಡುವ ಆದಾಯ 12 ಲಕ್ಷ ರೂ. ಮೀರದಿದ್ದಲ್ಲಿ ಗರಿಷ್ಠ 60,000 ರೂ.
2. ಹಳೆಯ ಪದ್ಧತಿ: ಆದಾಯ 5 ಲಕ್ಷ ರೂ. ಮೀರದಿದ್ದಲ್ಲಿ ಗರಿಷ್ಠ 12,500 ರೂ.
ಲಾಟರಿ ಬಹುಮಾನದಂತಹ ವಿಶೇಷ ದರದ ಆದಾಯದ ತೆರಿಗೆಗೆ ಹೊಸ ಪದ್ಧತಿಯಲ್ಲಿ ಈ ರಿಯಾಯಿತಿ ಇರುವುದಿಲ್ಲ.

ಗಮನಿಸಬೇಕಾದ ಮುಖ್ಯ ಅಂಶ
ರಿಯಾಯಿತಿಯು ನಗದು ನೆರವಲ್ಲ. ಅದು ತೆರಿಗೆಯನ್ನು ಶೂನ್ಯಕ್ಕೆ ಇಳಿಸಬಲ್ಲದು, ಅಷ್ಟೆ. ಆದರೆ ವೇತನದಿಂದ ಈಗಾಗಲೇ ಕಡಿತವಾದ ತೆರಿಗೆಯು (ಟಿಡಿಎಸ್) ತಾನಾಗಿಯೇ ಹಿಂದಿರುಗುವುದಿಲ್ಲ. ಆದಾಯ ವಿವರಪಟ್ಟಿ (ರಿಟರ್ನ್) ಸಲ್ಲಿಸಿದವರಿಗೆ ಮಾತ್ರ ಅದು ಮರುಪಾವತಿಯಾಗುತ್ತದೆ.

ಉದಾಹರಣೆ
ಕಾರ್ಮಿಕರೊಬ್ಬರ ವಾರ್ಷಿಕ ವೇತನ 6,00,000 ರೂ. ಅವರು ಹಳೆಯ ಪದ್ಧತಿಯನ್ನು ಆಯ್ದುಕೊಂಡಿದ್ದರಿಂದ ಎಲ್ಲ ಕಳೆತಗಳ ನಂತರದ ಆದಾಯ 5,20,000 ರೂ. ಆಗಿ, ಸೆಸ್ ಸೇರಿ 17,160 ರೂ. ಕಡಿತವಾಗಿದೆ. ವಿವರಪಟ್ಟಿಯಲ್ಲಿ ಹೊಸ ಪದ್ಧತಿಯನ್ನು ಆಯ್ದುಕೊಂಡಲ್ಲಿ, 75,000 ರೂ. ಪ್ರಮಾಣಿತ ಕಳೆತದ ನಂತರ ಆದಾಯ 5,25,000 ರೂ.; ತೆರಿಗೆ 6,250 ರೂ.; ರಿಯಾಯಿತಿಯೂ 6,250 ರೂ. ಪಾವತಿಸಬೇಕಾದ ತೆರಿಗೆ ಶೂನ್ಯವಾದ್ದರಿಂದ 17,160 ರೂ. ಪೂರ್ಣವಾಗಿ ಮರುಪಾವತಿಗೆ ಅರ್ಹ.

ಅಗತ್ಯ ದಾಖಲೆಗಳು
1. ಆಧಾರ್ ಜೋಡಣೆಯಾದ ಪ್ಯಾನ್
2. ಉದ್ಯೋಗದಾತರು ನೀಡುವ ನಮೂನೆ 16
3. ತೆರಿಗೆ ಜಮೆಯ ವಿವರವಿರುವ ನಮೂನೆ 26ಎಎಸ್
4. ಇ-ಫೈಲಿಂಗ್ ಜಾಲತಾಣದಲ್ಲಿ ದೃಢೀಕರಿಸಿದ ಬ್ಯಾಂಕ್ ಖಾತೆ

ಸಲ್ಲಿಸುವ ವಿಧಾನ
ವೇತನದಾರರು ಸಾಮಾನ್ಯವಾಗಿ ಐಟಿಆರ್-1 (ಸಹಜ್) ನಮೂನೆಯನ್ನು ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಜಾಲತಾಣದಲ್ಲಿ ಸಲ್ಲಿಸತಕ್ಕದ್ದು. ಸಲ್ಲಿಸಿದ 30 ದಿನಗಳೊಳಗೆ ಪರಿಶೀಲನೆ ಪೂರ್ಣಗೊಳಿಸದಿದ್ದಲ್ಲಿ ವಿವರಪಟ್ಟಿಯು ಮಾನ್ಯವಾಗುವುದಿಲ್ಲ. ವಿವರಪಟ್ಟಿಗಳ ಪರಿಷ್ಕರಣೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ನಡೆಯುವುದರಿಂದ ಇದಕ್ಕಾಗಿ ಮೈಸೂರಿನ ಕಚೇರಿಗೆ ಬರುವ ಅಗತ್ಯವಿಲ್ಲ.

ಕೊನೆಯ ದಿನಾಂಕ
ಅಧಿನಿಯಮದಂತೆ 31-07-2026. ವಿಳಂಬ ಶುಲ್ಕದೊಂದಿಗೆ 31-12-2026ರವರೆಗೆ ಅವಕಾಶವಿದೆ. ಆದಾಯ 5 ಲಕ್ಷ ರೂ. ಮೀರಿದ್ದಲ್ಲಿ ಶುಲ್ಕ 5,000 ರೂ., ಮೀರದಿದ್ದಲ್ಲಿ 1,000 ರೂ.

ಸೂಚನೆ: ಜಾಲತಾಣದಲ್ಲಿ ಸಲ್ಲಿಸಲು ಶುಲ್ಕವಿಲ್ಲ. ಮರುಪಾವತಿಯಲ್ಲಿ ಪಾಲು ಕೇಳುವ ಅಥವಾ ಸುಳ್ಳು ಕಳೆತ ತೋರಿಸುವ ಮಧ್ಯವರ್ತಿಗಳಿಂದ ದೂರವಿರಿ; ವಿವರಪಟ್ಟಿಯಲ್ಲಿನ ಮಾಹಿತಿಗೆ ತೆರಿಗೆದಾರರೇ ಹೊಣೆ. ಪಾಸ್‌ವರ್ಡ್ ಹಾಗೂ ಒಟಿಪಿಯನ್ನು ಯಾರಿಗೂ ನೀಡಬಾರದು.

ಸಹಾಯವಾಣಿ: 1800 103 0025