ರೊಸೆಲ್ಲ ಮೊಂಟಾಗ್ನಿ

ಭಾರತದ ಪೂರ್ವ, ಪಶ್ಚಿಮ ಕರಾವಳಿಗಳಲ್ಲಿ ಮರದ ತೊಗಟೆಗೆ ಅಂಟಿ ಜೋತಾಡುವ ಕವಲುಕವಲಾದ ಕಲ್ಲುಹೂ. ಎಲ್ಲ ಕಲ್ಲುಹೂಗಳಂತೆ ಇದೂ ಶಿಲೀಂಧ್ರ ಮತ್ತು ಪಾಚಿಯ ಕೂಡುಬಾಳ್ವೆ. ಹೆಸರಿನಲ್ಲಿ ಉಳಿದಿರುವುದು 19ನೆಯ ಶತಮಾನದ ಫ್ರೆಂಚ್ ವೈದ್ಯ, ಸಸ್ಯವಿಜ್ಞಾನಿ ಕಮೀಲ್ ಮೊಂಟಾಞ್ ಅವರ ನೆನಪು.

ಮೊದಲ ನೋಟಕ್ಕೆ ಇದು ಬಣ್ಣಗೇಡಿ. ಚಪ್ಪಟೆಯಾದ ಕಿರಿದಾದ ಪಟ್ಟಿಗಳು, ಬೂದಿ ಅಥವಾ ನೀಲಿಬೂದಿ ಮೈ, ಅಲ್ಲಲ್ಲಿ ಹಿಟ್ಟು ಉದುರಿದಂತಿರುವ ಪುಡಿ. ಆ ಪುಡಿಯೇ ಇದರ ಬೀಜದಂತೆ ಗಾಳಿಯಲ್ಲಿ ಹಾರಿ ಹೊಸ ತೊಗಟೆ ಸೇರುತ್ತದೆ. ಬಣ್ಣವಿರುವುದು ಒಳಗೆ. ಉಗುರಿನಿಂದ ಮೆಲ್ಲಗೆ ಗೀರಿದರೆ ಕಿತ್ತಳೆಯ ಛಾಯೆ ಇಣುಕುತ್ತದೆ; ಅದು ಟ್ರೆಂಟಿಪೋಲಿಯ ಎಂಬ ಜೊತೆಗಾರ ಪಾಚಿಯದು. ಬ್ಲೀಚಿಂಗ್ ಪುಡಿಯ ತಿಳಿನೀರನ್ನು ಒಂದು ಹನಿ ಬಿಟ್ಟರೆ ಬೂದಿ ಮೈ ನೋಡನೋಡುತ್ತಲೇ ಕೆಂಪೇರಿ ಮತ್ತೆ ಮಾಸುತ್ತದೆ. ಇಂಥ ಹನಿಪರೀಕ್ಷೆಯನ್ನು 1866ರಲ್ಲಿ ಬಳಕೆಗೆ ತಂದವರು ಫಿನ್ಲೆಂಡಿನ ವಿಲಿಯಂ ನೈಲಾಂಡರ್. ಕೆಂಪೊಂದನ್ನೇ ನಂಬುವಂತಿಲ್ಲ, ಹಾಗೆ ಕೆಂಪಾಗುವ ಬೇರೆ ಕಲ್ಲುಹೂಗಳೂ ಇವೆ. ಆಕಾರ, ಪಾಚಿ, ನೆಲೆ ಮೂರನ್ನೂ ಕೂಡಿಸಿ ನೋಡಬೇಕು.

ರೊಸೆಲ್ಲ ಕುಲದ ಕಲ್ಲುಹೂಗಳನ್ನು ಅಮೋನಿಯದಲ್ಲಿ, ಹಿಂದೆ ಮೂತ್ರದಲ್ಲಿ, ವಾರಗಟ್ಟಲೆ ಕೊಳೆಹಾಕಿ ಆರ್ಕಿಲ್ ಎಂಬ ನೇರಳೆ ಬಣ್ಣ ತೆಗೆಯುತ್ತಿದ್ದರು. ಫ್ಲಾರೆನ್ಸಿನ ರುಚೆಲ್ಲಾಯ್ ಮನೆತನ ಸಿರಿವಂತವಾದದ್ದು ಈ ಬಣ್ಣದಿಂದಲೇ. ಶಾಲೆಯ ಪ್ರಯೋಗಶಾಲೆಯ ಲಿಟ್ಮಸ್ ಕೂಡ ಇದೇ ಬಳಗದ ಕೊಡುಗೆ.

ಉಪ್ಪುಗಾಳಿ, ತೇವ, ಧಾರಾಳ ಬೆಳಕು ಇದಕ್ಕೆ ಒಗ್ಗಿದ ನೆಲೆ. ಮಾವು, ತೆಂಗು, ಕಾಂಡ್ಲಾಗಿಡಗಳ ಬಯಲಿಗೆ ತೆರೆದ ಮೈ ನೋಡಬೇಕು. ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಪುಣೆಯ ಮರಗಳಲ್ಲಿ ಇದನ್ನು ಹುಡುಕುವುದು ವ್ಯರ್ಥ. ಅಲ್ಲಿನ ಗೋಡಾ ಮಸಾಲೆಗೆ ಬೀಳುವ ದಗಡಫೂಲ್, ನಮ್ಮ ಅಡುಗೆಮನೆಯ ಕಲ್ಲುಹೂವು, ಬೇರೆಯೇ ಕುಲದ್ದು: ಎಲೆಯಂತೆ ಅಗಲ, ಮೇಲೆ ಬೂದಿ, ಅಡಿಯಲ್ಲಿ ಕಪ್ಪು.

ಆದರೂ ಕಲ್ಲುಹೂ ಕಲಿಯಬೇಕೆನ್ನುವವರು ಪುಣೆಗೇ ಹೋಗಬೇಕು. 1946ರಲ್ಲಿ ಆರಂಭವಾಗಿ ಈಗ ಆಘಾರಕರ್ ಸಂಶೋಧನಾ ಸಂಸ್ಥೆ ಎನಿಸಿಕೊಂಡಿರುವ ಕೇಂದ್ರದಲ್ಲಿ ಪಿ. ಜಿ. ಪಟವರ್ಧನ್, ಊರ್ಮಿಳಾ ಮಖೀಜಾ ಮೊದಲಾದವರು ಪಶ್ಚಿಮ ಘಟ್ಟದ ಕಲ್ಲುಹೂಗಳನ್ನು ದಶಕಗಳ ಕಾಲ ಅಭ್ಯಸಿಸಿದರು. ಅಲ್ಲಿನ ಅಜ್ರೇಕರ್ ಶಿಲೀಂಧ್ರ ಸಂಗ್ರಹಾಲಯದಲ್ಲಿ ಒಣಗಿಸಿದ ಮಾದರಿಗಳನ್ನು ಇಂದಿಗೂ ಹೋಲಿಸಿ ನೋಡಬಹುದು.

ಕಲ್ಲುಹೂ ಬೆಳೆಯುವುದು ಬಲು ನಿಧಾನ. ಕರಾವಳಿಯಲ್ಲಿ ಕಂಡವರು ಚಿತ್ರ ತೆಗೆದು, ಮರದ ಹೆಸರು, ಊರು, ದಿನಾಂಕ ಬರೆದಿಡಿ. ಹನಿಪರೀಕ್ಷೆಗೆ ಉದುರಿಬಿದ್ದ ತುಂಡು ಸಾಕು, ಮರದಿಂದ ಕೀಳಬೇಡಿ.