ಖಾಲಿ ನಿವೇಶನಗಳ ಬಿಳಿ ಹೂವು: ಪಾರ್ಥೇನಿಯಂ

ಬೆಂಗಳೂರು ಪೂರ್ವ ಭಾಗದ ದೊಡ್ಡನೆಕ್ಕುಂದಿಯಲ್ಲಿ ಒಂದೆರಡು ಹದ ಮಳೆ ಬಿದ್ದರೆ ಸಾಕು, ಖಾಲಿ ನಿವೇಶನಗಳಲ್ಲೂ ರಸ್ತೆ ಬದಿಯಲ್ಲೂ ಸೀಳೆಲೆಯ ಹಸಿರು ಗಿಡಗಳು ತಲೆಯೆತ್ತುತ್ತವೆ. ಮೊಳೆತ ಸುಮಾರು ಒಂದು ತಿಂಗಳಲ್ಲಿ ಅವುಗಳ ತುದಿಯಲ್ಲಿ ಸಣ್ಣ ಬಿಳಿ ಹೂವುಗಳ ಗೊಂಚಲು. ಇದೇ ಪಾರ್ಥೇನಿಯಂ ಹಿಸ್ಟೆರೊಫೋರಸ್. ಆಡುಮಾತಿನಲ್ಲಿ ಕಾಂಗ್ರೆಸ್ ಗಿಡ.

ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ ಈ ಸಸ್ಯದ ತವರು ಅಮೆರಿಕ ಖಂಡ. ಒಂದು ಹೂವಿನಂತೆ ಕಾಣುವುದು ವಾಸ್ತವದಲ್ಲಿ ಅನೇಕ ಪುಟ್ಟ ಹೂಗಳ ಗುಂಪು. ಅಂಚಿನ ಐದು ಹೂಗಳು ಮಾತ್ರ ಬೀಜ ಕಟ್ಟುತ್ತವೆ. ಆದರೂ ಒಂದು ದೊಡ್ಡ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು.

ಹೆಸರಿನ ಬಗ್ಗೆ ಎರಡು ಕಥೆಗಳಿವೆ. ಹೂವು ಗಾಂಧಿ ಟೋಪಿಯನ್ನು ಹೋಲುತ್ತದೆ ಎಂಬುದು ಒಂದು. ಕಾಂಗ್ರೆಸ್ ಆಳ್ವಿಕೆಯಲ್ಲಿ ಅಮೆರಿಕದ ಪಿಎಲ್-480 ಗೋಧಿಯೊಡನೆ ಬಂದಿತೆಂಬುದು ಮತ್ತೊಂದು. ಆದರೆ ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರಲ್ಲಿ. ಪುಣೆಯಲ್ಲಿ ಗಿಡವನ್ನು ಗುರುತಿಸಿದ್ದು 1955ರಲ್ಲಿ. ಲೆಕ್ಕ ತಾಳೆಯಾಗದು.

ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವೇ ಚರ್ಮರೋಗಕ್ಕೆ ಮೂಲ. ಮುಖ, ಕಣ್ಣುರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆಯಿಂದ ಆರಂಭವಾಗಿ ಚರ್ಮ ದಪ್ಪಗಾಗುತ್ತದೆ. ಗಿಡ ಮುಟ್ಟಲೇಬೇಕೆಂದಿಲ್ಲ, ಗಾಳಿಯಲ್ಲಿ ತೇಲುವ ಅದರ ಕಣಗಳೇ ಸಾಕು. ಪರಾಗದಿಂದ ಸೀನು, ಮೂಗು ಸೋರುವಿಕೆ ಉಂಟಾಗುತ್ತದೆ. ಗಿಡ ಮೇಯ್ದ ಹಸುವಿನ ಹಾಲಿಗೂ ಕಹಿ ತಟ್ಟುವುದುಂಟು.

ನಿಯಂತ್ರಣದ ಇತಿಹಾಸದಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1983ರಲ್ಲಿ ಮೆಕ್ಸಿಕೊದಿಂದ ತರಿಸಿದ ಜೈಗೋಗ್ರಾಮಾ ಬೈಕಲರೇಟಾ ಜೀರುಂಡೆಯನ್ನು 1984ರಲ್ಲಿ ಇಲ್ಲಿಯೇ ಬಿಡುಗಡೆ ಮಾಡಿದರು. ಮಾಸಲು ಬಿಳಿ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಈ ಕೀಟವೂ ಅದರ ಮರಿಹುಳುವೂ ಎಲೆಗಳನ್ನು ತಿಂದು ಮುಗಿಸುತ್ತವೆ. ಕೆಲವೇ ವರ್ಷಗಳಲ್ಲಿ ನಗರದ ಹಲವೆಡೆ ಗಿಡ ಸೊರಗಿತು. 1991ರಲ್ಲಿ ಸೂರ್ಯಕಾಂತಿ ಬೆಳೆಯ ಮೇಲೂ ಕೀಟ ಕಂಡು ವಿವಾದವೆದ್ದಿತು. ಮಳೆಗಾಲ ಮುಗಿದರೆ ಜೀರುಂಡೆ ಮಣ್ಣಿಗಿಳಿದು ತಿಂಗಳುಗಟ್ಟಲೆ ನಿದ್ರಿಸುತ್ತದೆ. ಚರಂಡಿ ನೀರು ಹರಿಯುವೆಡೆ ಗಿಡ ಮಾತ್ರ ಬೇಸಿಗೆಯಲ್ಲೂ ಬೆಳೆಯುತ್ತಲೇ ಇರುತ್ತದೆ.

ಆದ್ದರಿಂದ ಹೂ ಬಿಡುವ ಮುನ್ನವೇ ಹಸಿ ನೆಲದಲ್ಲಿ, ಕೈಗವಸು ಹಾಗೂ ಮುಖಗವಸು ಧರಿಸಿ ಬೇರುಸಹಿತ ಕೀಳುವುದು ಉತ್ತಮ. ಬುಡ ಉಳಿಸಿ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೂ ಬಿಡದ ಗಿಡ ಗೊಬ್ಬರಕ್ಕೆ ಬರುತ್ತದೆ. ಹೂ ಬಿಟ್ಟದ್ದನ್ನು ಗುಂಡಿಗೆ ಹಾಕಿದರೆ ಗೊಬ್ಬರದೊಡನೆ ಬೀಜವೂ ತೋಟ ಸೇರುತ್ತದೆ.